ಕೀಬೋರ್ಡಿನ ಎಡಗೈ ಇರುವಾಗ ಬೇಸ್ ಗಿಟಾರ್ ಬೇಕಾ? ಐದು ತಂತಿಯದು ತಗೊಳ್ಳಲಾ?

ಕೊಪ್ಪಳದ ನಾಲ್ಕು ತಂತಿ

ಎಲ್ಲರಿಗೂ ನಮಸ್ಕಾರ. ನಾನು ಕೊಪ್ಪಳದ ಒಂದು ರಸಮಂಜರಿ ತಂಡದಲ್ಲಿ ಬೇಸ್ ಬಾರಿಸುತ್ತೇನೆ. ಜಾತ್ರೆ, ಗಣೇಶನ ಹಬ್ಬ, ಆರತಕ್ಷತೆ, ಇವೇ ನಮ್ಮ ಕಾರ್ಯಕ್ರಮಗಳು. ನನ್ನದು ಸೆಕೆಂಡ್ ಹ್ಯಾಂಡ್ ನಾಲ್ಕು ತಂತಿಯ ಬೇಸ್. ತಂತಿಯ ಕಂಪನ ಹಿಡಿಯುವ ಪಿಕಪ್ ಎರಡಿವೆ, ಒಂದು ಪಿ, ಒಂದು ಜೆ. ಬ್ಯಾಟರಿ ಇಲ್ಲದ ಪ್ಯಾಸಿವ್ ಮಾಡೆಲ್. ಈಗ ಕೈಯಲ್ಲಿ ಮೂವತ್ತು ಸಾವಿರದಷ್ಟು ದುಡ್ಡು ಸೇರಿದೆ. ಐದು ತಂತಿಯದು ತಗೊಳ್ಳೋಣ ಅಂತ ಆಸೆ. ಆದರೆ ನಮ್ಮ ಕೀಬೋರ್ಡ್ ಮಾಸ್ತರು "ನನ್ನ ಎಡಗೈ ಇದೆಯಲ್ಲ, ಬೇಸ್ ಯಾಕೆ ಬೇಕು" ಅನ್ನುತ್ತಾರೆ. ತಂಡದಲ್ಲಿ ಒಬ್ಬರು ಕಡಿಮೆ ಆದರೆ ಉಳಿದವರಿಗೆ ಪೇಮೆಂಟ್ ಜಾಸ್ತಿ ಬರುತ್ತದೆ ಅನ್ನುವುದೂ ಇದರ ಹಿಂದೆ ಇದೆ.

ತೊಂದರೆಗಳು ಹೀಗಿವೆ. ಹಿಡಿಕೆಯ ಮೇಲಿನ ಲೋಹದ ಅಡ್ಡಪಟ್ಟಿಗಳಲ್ಲಿ, ಅಂದರೆ ಫ್ರೆಟ್ಟುಗಳಲ್ಲಿ, ಒಂದನೇದರಿಂದ ಐದನೇದರವರೆಗೆ ತಂತಿ ಝಿರ್ ಅನ್ನುತ್ತದೆ. ಚಳಿಗಾಲದಲ್ಲಿ ಹೀಗಿರಲಿಲ್ಲ, ಬಿಸಿಲು ಏರಿದ ಮೇಲೆ ಶುರುವಾಗಿದೆ. ಸ್ಟೇಜ್ ಮೇಲೆ ಸದಾ ಒಂದು ಹಮ್, ಅಂದರೆ ಕರೆಂಟಿನ ಗುಂಯ್ ಸದ್ದು, ಇರುತ್ತದೆ. ಹೊರಗಡೆ ನಿಂತು ಕೇಳಿದವರು "ಗುಂ ಗುಂ ಅನ್ನೋದು ಬಿಟ್ಟರೆ ಸ್ವರ ಏನೂ ತಿಳಿಯಲ್ಲ" ಅನ್ನುತ್ತಾರೆ. ಹೊಸ ಬೇಸ್ ತಗೊಂಡರೆ ಇದೆಲ್ಲ ಸರಿಹೋಗುತ್ತದಾ? ಇಲ್ಲಾ ಆಂಪ್ (ಆಂಪ್ಲಿಫೈಯರ್) ತಗೊಳ್ಳಲಾ? ಅನುಭವ ಇದ್ದವರು ಹೇಳಿ.

ಕೌಲ್‌ಬಜಾರ್ ಬೇಸ್

ತಮ್ಮಾ, ದುಡ್ಡು ಸದ್ಯಕ್ಕೆ ಹಾಗೇ ಇಡು. ನೀನು ಹೇಳಿದ್ದರಲ್ಲಿ ಹೊಸ ಬೇಸ್ ತಗೊಂಡು ಸರಿಹೋಗುವಂಥದ್ದು ಒಂದೂ ಇಲ್ಲ.

ಮೊದಲು ನೆಕ್, ಅಂದರೆ ಬೇಸ್‌ನ ಉದ್ದ ಹಿಡಿಕೆ, ನೋಡು. ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳದ ಬೇಸಿಗೆ ನಲವತ್ತು ಡಿಗ್ರಿ ದಾಟುತ್ತದೆ, ಗಾಳಿಯಲ್ಲಿ ಪಸೆಯೇ ಇರಲ್ಲ. ಕಟ್ಟಿಗೆ ಒಣಗುತ್ತದೆ, ನೆಕ್ ಹಿಂದಕ್ಕೆ ಬಾಗುತ್ತದೆ, ತಂತಿ ಮೊದಲ ಫ್ರೆಟ್ಟುಗಳಿಗೆ ತಾಗುತ್ತದೆ. ಮಳೆಗಾಲದಲ್ಲಿ ಇದು ಉಲ್ಟಾ. ನೆಕ್ ಮುಂದಕ್ಕೆ ಬಾಗಿ ತಂತಿ ಎತ್ತರ ಆಗುತ್ತದೆ, ಒತ್ತೋಕೆ ಬೆರಳು ನೋಯುತ್ತದೆ. ಫ್ರೆಟ್ಟಿನ ತುದಿ ಅಂಗೈಗೆ ಚುಚ್ಚುತ್ತಿದೆಯಾ ನೋಡು. ಚುಚ್ಚಿದರೆ ಕಟ್ಟಿಗೆ ಕುಗ್ಗಿದೆ ಅಂತಲೇ ಅರ್ಥ, ಲೋಹ ಕುಗ್ಗಲ್ಲವಲ್ಲ.

ಈಗ ಹೀಗೆ ಮಾಡು. ತಂತಿಗಳನ್ನು ಸರಿಯಾಗಿ ಟ್ಯೂನ್ ಮಾಡಿಕೋ, ಸಡಿಲ ಬಿಟ್ಟು ಅಳೆಯಬೇಡ. ಇ ತಂತಿಯನ್ನು, ಅಂದರೆ ಎಲ್ಲಕ್ಕಿಂತ ದಪ್ಪದ್ದನ್ನು, ಎಡಗೈಯಲ್ಲಿ ಒಂದನೇ ಫ್ರೆಟ್ಟಿಗೆ ಒತ್ತು, ಬಲಗೈಯಲ್ಲಿ ಕೊನೆಯ ಫ್ರೆಟ್ಟಿಗೆ ಒತ್ತು. ಆಗ ಆ ತಂತಿಯೇ ನಿನಗೆ ಅಳತೆಪಟ್ಟಿ. ಏಳನೇ ಫ್ರೆಟ್ಟಿನ ಮೇಲೆ ತಂತಿಗೂ ಫ್ರೆಟ್ಟಿಗೂ ನಡುವೆ ಸಂದು ಇದೆಯಾ? ಒಂದು ವಿಸಿಟಿಂಗ್ ಕಾರ್ಡ್ ತೂರುವಷ್ಟು, ಅಂದರೆ ಹತ್ತಿರ ಹತ್ತಿರ 0.3 ಮಿಲಿಮೀಟರ್ ಇರಬೇಕು. ಸಂದೇ ಇಲ್ಲದೆ ತಂತಿ ಫ್ರೆಟ್ಟಿಗೆ ಅಂಟಿಕೊಂಡಿದ್ದರೆ ಟ್ರಸ್ ರಾಡ್, ಅಂದರೆ ನೆಕ್ ಒಳಗಿನ ಲೋಹದ ಸರಳು, ಸಡಿಲ ಮಾಡಬೇಕು. ಆ ರಾಡಿನ ನಟ್ಟಿನ ಎದುರು ಕಣ್ಣಿಟ್ಟು ನೋಡಿದಾಗ ಗಡಿಯಾರದ ಮುಳ್ಳಿನ ವಿರುದ್ಧ ದಿಕ್ಕಿಗೆ, ಕಾಲು ಸುತ್ತು. ಅಷ್ಟೇ. ಮತ್ತೆ ಟ್ಯೂನ್ ಮಾಡು, ರಾತ್ರಿಯೆಲ್ಲ ಬಿಡು, ಬೆಳಿಗ್ಗೆ ನೋಡು. ಬೇಕಾದರೆ ಇನ್ನೊಂದು ಕಾಲು ಸುತ್ತು. ಅಲೆನ್ ಕೀ ಅದರದ್ದೇ ಅಳತೆಯದು ಇರಲಿ. ಚೂರು ಸಣ್ಣದನ್ನು ಹಾಕಿ ತಿರುವಿದರೆ ಒಳಗಿನ ಮೂಲೆಗಳು ಸವೆದು ಮುಂದೆ ಯಾರ ಕೈಯಲ್ಲೂ ಆಗಲ್ಲ. ನಟ್ ಬಿಗಿಯಾಗಿ ನಿಂತರೆ ಬಲ ಹಾಕಬೇಡ, ನಿಲ್ಲಿಸು.

ನೆಕ್ ಸರಿಯಾದ ಮೇಲೆ ಬ್ರಿಡ್ಜಿನಲ್ಲಿ, ಅಂದರೆ ತಂತಿ ಕೂರುವ ಕೆಳಗಿನ ಲೋಹದ ಭಾಗದಲ್ಲಿ, ತಂತಿಯ ಎತ್ತರ ಸರಿಮಾಡು. ಅದಾದ ಮೇಲೆ ಹನ್ನೆರಡನೇ ಫ್ರೆಟ್ಟಿನ ಸ್ವರ ಖಾಲಿ (ಎಲ್ಲೂ ಒತ್ತದ) ತಂತಿಗೆ ಸರಿಯಾಗಿ ಒಂದು ಸಪ್ತಕ ಮೇಲೆ ಇದೆಯಾ ಅಂತ ಟ್ಯೂನರ್‌ನಲ್ಲಿ ನೋಡು. ಈ ಮೂರು ಕೆಲಸ ಇದೇ ಕ್ರಮದಲ್ಲಿ ಆಗಬೇಕು.

ಗಂಗಾವತಿ ಸೌಂಡ್

ನಾನು ಬಾರಿಸುವವನಲ್ಲ, ಸೌಂಡ್ ಸಿಸ್ಟಂ ಹಾಕುವವನು. ಮಿಕ್ಸರ್ ಹಿಂದೆ ನಿಂತು ಬೇಸ್ ಗಿಟಾರ್‌ನವರನ್ನು ನೋಡಿದ್ದೇನೆ, ಅದಕ್ಕೆ ಹೇಳುತ್ತೇನೆ. ಹತ್ತರಲ್ಲಿ ಎಂಟು ಮಂದಿ ಕೇಬಲ್ ತಂದು ನೇರ ಮಿಕ್ಸರ್‌ನ ಲೈನ್ ಇನ್‌ಪುಟ್‌ಗೆ ಚುಚ್ಚುತ್ತಾರೆ. ಬ್ಯಾಟರಿ ಇಲ್ಲದ ಪ್ಯಾಸಿವ್ ಬೇಸ್ ಆದರೆ ಅಲ್ಲೇ ಅರ್ಧ ಜೀವ ಹೋಯಿತು. ಅಂಥ ಪಿಕಪ್‌ಗೆ ಎದುರುಗಡೆ ಒಂದು ಮೆಗಾ ಓಮ್‌ನಷ್ಟು ಇನ್‌ಪುಟ್ ಬೇಕು. ಮಿಕ್ಸರ್‌ನ ಲೈನ್ ಇನ್‌ಪುಟ್ ಸಾಮಾನ್ಯವಾಗಿ ಹತ್ತಿಪ್ಪತ್ತು ಸಾವಿರ ಓಮ್ ಮಾತ್ರ. ಪಿಕಪ್ ಮೇಲೆ ಭಾರ ಬಿದ್ದು ಬೆರಳಿನ ಏಟು, ತಂತಿಯ ಮಿಂಚು ಎಲ್ಲ ಹೋಗಿ ಬರೀ ಗುಂ ಉಳಿಯುತ್ತದೆ. ನಿಮಗೆ ಹೊರಗೆ ನಿಂತವರು ಹೇಳಿದ್ದು ಇದನ್ನೇ.

ಒಂದು ಆ್ಯಕ್ಟಿವ್ ಡಿಐ ಬಾಕ್ಸ್ ತಗೊಳ್ಳಿ, ಬೇಸ್‌ಗೂ ಮಿಕ್ಸರ್‌ಗೂ ನಡುವೆ ಕೂರುವ ಪುಟ್ಟ ಡಬ್ಬಿ ಅದು. ಕೆಲವೇ ಸಾವಿರಕ್ಕೆ ಸಿಗುತ್ತದೆ. ಬೇಸ್‌ನಿಂದ ಚಿಕ್ಕ ಕೇಬಲ್ ಡಿಐಗೆ, ಅಲ್ಲಿಂದ ಎಕ್ಸ್‌ಎಲ್‌ಆರ್ (ಮೂರು ಪಿನ್ನಿನ ಮೈಕ್) ಕೇಬಲ್ ಮಿಕ್ಸರ್‌ವರೆಗೆ. ಜಾತ್ರೆಯಲ್ಲಿ ಸ್ಟೇಜಿನಿಂದ ಮಿಕ್ಸರ್‌ಗೆ ನೂರು ಅಡಿ ಇರುತ್ತದೆ. ಅಷ್ಟುದ್ದ ಗಿಟಾರ್ ಕೇಬಲ್ ಎಳೆದರೆ ಮೇಲಿನ ಸ್ವರಗಳೂ ಸಾಯುತ್ತವೆ, ದಾರಿಯಲ್ಲಿರುವ ಕರೆಂಟಿನ ಗದ್ದಲವನ್ನೆಲ್ಲ ಹೊತ್ತು ತರುತ್ತದೆ.

ಹಮ್ ವಿಷಯ. ನಮ್ಮ ಕರೆಂಟು 50 ಹರ್ಟ್ಸ್. ನಿಮ್ಮ ಇ ತಂತಿಯ ಮೂರನೇ ಫ್ರೆಟ್ಟಿನ ಜಿ ಸ್ವರ 49 ಹರ್ಟ್ಸ್. ಖಾಲಿ ಜಿ ತಂತಿ 98, ಹಮ್‌ನ ಎರಡು ಪಟ್ಟು 100. ಜಿ ಶ್ರುತಿಯ ಹಾಡು ಬಂದಾಗ ನಿಮ್ಮ ಸ್ವರವೂ ಹಮ್ಮೂ ಒಂದರ ಮೈಮೇಲೆ ಒಂದು ಬಿದ್ದು ಅಲೆದಾಡುತ್ತವೆ. ಹಾಗಾಗಿ ಹಮ್ಮನ್ನು ಮಿಕ್ಸರ್‌ನ ಈಕ್ಯೂ (ಟೋನ್) ಗುಂಡಿಗಳಲ್ಲಿ ಕತ್ತರಿಸಲು ಹೋದರೆ ಸ್ವರವೇ ಹೋಗುತ್ತದೆ, ಮೂಲದಲ್ಲೇ ತೆಗೀಬೇಕು. ಪಿ ಪಿಕಪ್ ಎರಡು ತುಂಡಾಗಿ ಇರುವುದರಿಂದ ಅದರ ಹಮ್ ಅದೇ ಕಳೆದುಕೊಳ್ಳುತ್ತದೆ. ನಿಮ್ಮ ಜೆ ಪಿಕಪ್ ಒಂದೇ ಸುರುಳಿಯದ್ದಾಗಿದ್ದರೆ ಅದು ಹಮ್ ಎಳೆಯುತ್ತದೆ. ಜೆ ವಾಲ್ಯೂಮ್ ಪೂರ್ತಿ ಇಳಿಸಿ ನೋಡಿ, ವ್ಯತ್ಯಾಸ ಗೊತ್ತಾಗುತ್ತದೆ. ತಂತಿ ಮುಟ್ಟಿದಾಗ ಹಮ್ ಕಡಿಮೆಯಾದರೆ ತಂತಿಗೆ ಗ್ರೌಂಡ್ ಇದೆ ಎಂದರ್ಥ. ಒಳಗಡೆ ತಾಮ್ರದ ಹಾಳೆ ಅಂಟಿಸಿ ಗ್ರೌಂಡ್‌ಗೆ ಸೇರಿಸಿದರೆ ಇನ್ನೂ ಇಳಿಯುತ್ತದೆ.

ಇದೊಂದನ್ನು ಮಾತ್ರ ದಯವಿಟ್ಟು ಕೇಳಿ. ಹಮ್ ಹೋಗಲಿ ಅಂತ ಆಂಪಿನ ಮೂರು ಪಿನ್ ಪ್ಲಗ್‌ನಲ್ಲಿ ಅರ್ತ್ ಕಿತ್ತುಹಾಕುವವರಿದ್ದಾರೆ. ಬೇಡವೇ ಬೇಡ. ಹಳ್ಳಿ ಜಾತ್ರೆಯಲ್ಲಿ ಜನರೇಟರ್‌ಗೆ ಸರಿಯಾದ ಅರ್ತ್ ಇಲ್ಲದಿದ್ದರೆ, ಬೇಸ್ ತಂತಿಯ ಮೇಲೆ ಕೈ, ಮೈಕ್‌ಗೆ ತುಟಿ, ಆಗ ಮೈಯೇ ತಂತಿಯಾಗುತ್ತದೆ. ಜೀವ ಹೋಗುವ ವಿಷಯ ಇದು. ಡಿಐ ಬಾಕ್ಸಿನಲ್ಲಿ ಗ್ರೌಂಡ್ ಲಿಫ್ಟ್ ಅಂತ ಸ್ವಿಚ್ ಇರುತ್ತದೆ, ಅದು ಸಿಗ್ನಲ್ ಗ್ರೌಂಡನ್ನು ಮಾತ್ರ ಬಿಡಿಸುತ್ತದೆ. ಅದನ್ನು ಬಳಸಿ. ಜನರೇಟರ್‌ನವರಿಗೆ ಅರ್ತ್ ರಾಡ್ ಹೊಡೆದಿದ್ದೀರಾ ಅಂತ ಕೇಳಲು ನಾಚಿಕೆ ಪಡಬೇಡಿ.

ರಾಯಚೂರು ಲೋ ನೋಟ್

ಮೇಲಿನ ಇಬ್ಬರೂ ಹೇಳಿದ್ದು ಸರಿ, ಆದರೆ ಐದು ತಂತಿಯ ಆಸೆಯನ್ನು ಹೀಗೆ ತಳ್ಳಿಹಾಕಬೇಡಿ. ನಾನು ರಾಯಚೂರಿನಲ್ಲಿ ಮೊದಲು ಚರ್ಚ್ ಕ್ವಾಯರ್‌ಗೆ ಬಾರಿಸುತ್ತಿದ್ದೆ, ಈಗ ಆರ್ಕೆಸ್ಟ್ರಾಕ್ಕೂ ಹೋಗುತ್ತೇನೆ. ನಮ್ಮ ಕಡೆ ಶ್ರುತಿ ಗಾಯಕರ ಮರ್ಜಿ. ರಿಹರ್ಸಲ್‌ನಲ್ಲಿ ಬಿಳಿ ಎರಡು ಅಂದವರು ಸ್ಟೇಜ್ ಮೇಲೆ ಗಂಟಲು ಸರಿಯಿಲ್ಲ, ಕರಿ ಒಂದಕ್ಕೆ ಇಳಿಸಿ ಅನ್ನುತ್ತಾರೆ. ಕೀಬೋರ್ಡಿನವರು ಟ್ರಾನ್ಸ್‌ಪೋಸ್ ಒತ್ತಿ ಸುಮ್ನೆ ಕೂತುಬಿಡುತ್ತಾರೆ. ನಮಗೆ ಆ ಗುಂಡಿ ಇಲ್ಲವಲ್ಲ.

ನಾಲ್ಕು ತಂತಿಯಲ್ಲಿ ಅತಿ ಕೆಳಗಿನ ಸ್ವರ ಇ, 41 ಹರ್ಟ್ಸ್. ಕರಿ ಒಂದು, ಬಿಳಿ ಎರಡು, ಕರಿ ಎರಡು, ಅಂದರೆ ಸಿ ಶಾರ್ಪ್, ಡಿ, ಡಿ ಶಾರ್ಪ್. ಗಂಡಸರ ಹಾಡು ಎಷ್ಟೊಂದು ಇಲ್ಲೇ ಬರುತ್ತವೆ ನೋಡಿ. ಷಡ್ಜಕ್ಕೆ ಎ ತಂತಿಯ ನಾಲ್ಕು, ಐದು, ಆರನೇ ಫ್ರೆಟ್ಟಿಗೆ ಹೋಗಬೇಕು, ಅದರ ಕೆಳಗಿನ ಷಡ್ಜ ಸಿಗುವುದೇ ಇಲ್ಲ. ಐದು ತಂತಿಯದರಲ್ಲಿ ಇಗಿಂತ ಕೆಳಗೆ ಇನ್ನೊಂದು ಬಿ ತಂತಿ ಇರುತ್ತದೆ, ಅದರ ಎರಡು, ಮೂರು, ನಾಲ್ಕನೇ ಫ್ರೆಟ್ಟಿನಲ್ಲಿ ಅದು ಸಿಗುತ್ತದೆ. ಅದಕ್ಕಿಂತ ದೊಡ್ಡ ಲಾಭ ಬೇರೆ. ಐದನೇ ಫ್ರೆಟ್ಟಿನ ಹತ್ತಿರ ಕೈ ಇಟ್ಟರೆ ಖಾಲಿ ತಂತಿಯ ಹಂಗಿಲ್ಲದೆ ಯಾವ ಶ್ರುತಿಗೆ ಬೇಕಾದರೂ ಅದೇ ಬೆರಳಿನಾಟ ಜರುಗಿಸಬಹುದು. ಗಾಯಕರು ಅರ್ಧ ಸ್ವರ ಇಳಿಸಿದರೆ ಕೈ ಒಂದು ಫ್ರೆಟ್ ಹಿಂದೆ, ಮುಗಿಯಿತು.

ಕಷ್ಟ ಏನೆಂದರೆ ಬಿ ತಂತಿ ಸದಾ ಅನುರಣನ ಮಾಡುತ್ತಿರುತ್ತದೆ. ಬಲಗೈ ಹೆಬ್ಬೆರಳನ್ನು ಅದರ ಮೇಲೇ ಮಲಗಿಸಿ ಸುಮ್ಮನಿರಿಸುವ ಅಭ್ಯಾಸ ಮಾಡಬೇಕು.

ಗಂಗಾವತಿ ಸೌಂಡ್

ಅಕ್ಕಾ, ಕೈಯ ಅನುಕೂಲದ ಮಾತು ಒಪ್ಪಿದೆ. ಕೆಳಗಿನ ಸ್ವರದ ಮಾತು ಅಷ್ಟು ಒಪ್ಪಲ್ಲ. ಖಾಲಿ ಬಿ 31 ಹರ್ಟ್ಸ್. ನಮ್ಮ ಕಡೆ ಬಾಡಿಗೆಗೆ ಹೋಗುವ ಸಬ್‌ಗಳಲ್ಲಿ (ತಳದ ಸ್ವರದ ದೊಡ್ಡ ಸ್ಪೀಕರ್) ಬಹಳಷ್ಟು 40ರ ಕೆಳಗೆ ಬೇಗ ಬಿದ್ದುಹೋಗುತ್ತವೆ. ಜನ ಕೇಳುವುದು ಆ ಸ್ವರದ ಎರಡು ಪಟ್ಟು, ಮೂರು ಪಟ್ಟಿನ ನಾದವನ್ನು, ತಳದ ಸ್ವರವನ್ನು ಕಿವಿಯೇ ಊಹಿಸಿಕೊಳ್ಳುತ್ತದೆ. ಬಯಲಿನಲ್ಲಿ ಸ್ವರ ತಿಳಿಯಬೇಕಾದರೆ 700-800 ಹರ್ಟ್ಸ್ ಸುತ್ತ ಸ್ವಲ್ಪ ಏರಿಸಿ, 200-250ರ ಹತ್ತಿರ ಸ್ವಲ್ಪ ಇಳಿಸಿ. ಬೇಸ್ ಗುಂಡಿ ತಿರುವುತ್ತಾ ಹೋದಷ್ಟೂ ಗದ್ದಲವೇ ಜಾಸ್ತಿ.

ಸಿಂಧನೂರು ಕೀಬೋರ್ಡ್

ನಿಮ್ಮ ಮಾಸ್ತರ ಕಡೆಯ ಮಾತು ನಾನು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಎಡಗೈಯಲ್ಲಿ ಬೇಸ್ ಬಾರಿಸುವುದು ನಮಗೆ ಶೋಕಿ ಅಲ್ಲ. ಸಣ್ಣ ಹಳ್ಳಿಯ ಕಾರ್ಯಕ್ರಮ, ಕೊಡುವ ದುಡ್ಡು ಕಡಿಮೆ, ಗಾಡಿಯಲ್ಲಿ ಜಾಗ ಇಲ್ಲ. ರಿದಂ ಪ್ಯಾಡು, ಢೋಲಕ್, ಒಂದು ಕೀಬೋರ್ಡು, ಇಷ್ಟರಲ್ಲೇ ಇಡೀ ರಾತ್ರಿ ಎಳೀಬೇಕು. 61 ಕೀಯನ್ನು ಎರಡು ಭಾಗ ಮಾಡಿ ಎಡಕ್ಕೆ ಬೇಸ್ ಟೋನ್ ಹಾಕಿಕೊಳ್ಳುತ್ತೇವೆ.

ಆದರೆ ಒಳ್ಳೆ ಬೇಸ್ ಗಿಟಾರ್‌ನವರು ಪಕ್ಕದಲ್ಲಿದ್ದಾಗ ನನಗೆ ಆಗುವ ಸುಖವೇ ಬೇರೆ. ಎಡಗೈ ಬಿಡುವಾಗುತ್ತದೆ, ತುಂಬಿದ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳು) ಹಿಡಿಯಬಹುದು, ಕೊಳಲು ವಯಲಿನ್ ಬಿಟ್‌ಗಳನ್ನು ಗಡಿಬಿಡಿ ಇಲ್ಲದೆ ಬಾರಿಸಬಹುದು. ಬೆರಳು ತಂತಿಯ ಮೇಲೆ ಜಾರುವ ಸ್ಲೈಡು, ಸ್ವರ ಬರದೆ ಬರೀ ಟಕ್ ಅನ್ನುವ ಮೊಂಡು ಏಟು, ಇವು ನನ್ನ ಎಡಗೈಗೆ ಬರಲ್ಲ. ಇಳಯರಾಜಾ ಅವರ ಹಳೆ ಹಾಡುಗಳಲ್ಲಿ ಬೇಸ್ ಬೇರೆಯೇ ಒಂದು ಹಾಡನ್ನು ಹಾಡುತ್ತಿರುತ್ತದೆ. ಅದನ್ನು ಕೀಬೋರ್ಡಿನಲ್ಲಿ ಒತ್ತಿದರೆ ಸ್ವರ ಸಿಗುತ್ತದೆ, ನಡಿಗೆ ಸಿಗಲ್ಲ.

ಮಾಸ್ತರ ಜೊತೆ ವಾದ ಮಾಡಬೇಡಿ. ಅಂಥ ಎರಡು ಹಾಡು ಸರಿಯಾಗಿ ಕಲಿತು ರಿಹರ್ಸಲ್‌ಗೆ ಹೋಗಿ, "ಈ ಎರಡರಲ್ಲಿ ಎಡಗೈ ಬಿಡ್ರಿ ಮಾಸ್ತರೇ" ಅಂತ ಕೇಳಿ. ಇಬ್ಬರೂ ಒಟ್ಟಿಗೆ ತಳದ ಸ್ವರ ಬಾರಿಸಿದಾಗಲೇ ಎಲ್ಲ ಕೆಸರಾಗುವುದು. ಒಬ್ಬರೇ ಬಾರಿಸಿದರೆ ವ್ಯತ್ಯಾಸ ಮಾಸ್ತರಿಗೇ ಕೇಳಿಸುತ್ತದೆ.

ಕೊಪ್ಪಳದ ನಾಲ್ಕು ತಂತಿ

ಸಿಂಧನೂರು ಅಣ್ಣಾ, ತುಂಬಾ ಥ್ಯಾಂಕ್ಸ್. ಅವರೂ ನಾನೂ ಒಟ್ಟಿಗೆ ತಳದಲ್ಲೇ ಇರುತ್ತೇವೆ ಅನ್ನುವುದು ಈಗ ಹೊಳೆಯಿತು. ಇನ್ನೊಂದು ಕೇಳಬೇಕಿತ್ತು. ಜಾನಪದ ಮತ್ತು ತತ್ವಪದ ಬಂದಾಗ ನಾನು ಏನು ಬಾರಿಸಿದರೂ ತಬಲಾದವರಿಗೆ ಅಡ್ಡ ಬಂದಹಾಗೆ ಅನಿಸುತ್ತದೆ. ಸಿನಿಮಾ ಹಾಡಿನಲ್ಲಿ ಹಾಗಾಗಲ್ಲ. ಯಾಕೆ?

ಕೌಲ್‌ಬಜಾರ್ ಬೇಸ್

ಒಳ್ಳೆ ಪ್ರಶ್ನೆ ತಮ್ಮಾ. ಸಿನಿಮಾ ಹಾಡಿನ ಡ್ರಮ್ ಪ್ಯಾಟರ್ನಲ್ಲಿ ಕಿಕ್ (ಕಾಲಲ್ಲಿ ಹೊಡೆಯುವ ದೊಡ್ಡ ಡ್ರಮ್) ಚಿಕ್ಕದಾಗಿ ಬಂದು ಹೋಗುತ್ತದೆ, ಅದರ ಜೊತೆ ನಿನ್ನ ಸ್ವರ ಕೂರಿಸಿದರಾಯಿತು. ತಬಲಾದ ಡಗ್ಗಾ, ಅಂದರೆ ತಳದ ನಾದದ ದೊಡ್ಡದು, ಹಾಗಲ್ಲ. ಅದಕ್ಕೆ ಅದರದ್ದೇ ಎಳೆತ ಇದೆ, ಅಂಗೈ ಒತ್ತಿ ನಾದವನ್ನು ಮೇಲಕ್ಕೆ ಜಗ್ಗುತ್ತಾರೆ. ಅದು ಇರುವ ಜಾಗವೂ ನೀನಿರುವ ಜಾಗವೂ ಒಂದೇ. ನೀನು ಉದ್ದ ಸ್ವರ ಹಿಡಿದರೆ ಆ ಎಳೆತ ಮುಚ್ಚಿಹೋಗುತ್ತದೆ.

ಕೆಹರ್ವಾ ತಾಳ ತಗೋ. ಧಾ ಗೆ ನಾ ತಿ, ನ ಕ ಧಿ ನ. ಎಂಟು ಮಾತ್ರೆ. ಡಗ್ಗಾ ತೆರೆದು ನುಡಿಯುವುದು ಎಲ್ಲಿ? ಒಂದರಲ್ಲಿ ಧಾ, ಎರಡರಲ್ಲಿ ಗೆ, ಏಳರಲ್ಲಿ ಧಿ. ಐದನೇ ಮಾತ್ರೆ ಖಾಲಿ, ಅಲ್ಲಿ ಡಗ್ಗಾ ಸುಮ್ಮನಿದೆ. ಈಗ ನೀನು ಧಾ ಜೊತೆ ಷಡ್ಜವನ್ನು ಚಿಕ್ಕದಾಗಿ ಹೊಡೆದು ಗೆ ಬರುವ ಮೊದಲೇ ಎಡಗೈ ಬೆರಳನ್ನು ಸಡಿಲಿಸಿ ನಿಲ್ಲಿಸು, ಬೆರಳು ತಂತಿ ಬಿಟ್ಟು ಮೇಲೇಳಬಾರದು, ಒತ್ತಡ ಮಾತ್ರ ಹೋಗಬೇಕು. ಐದರ ಖಾಲಿಯಲ್ಲಿ ಪಂಚಮ ಹಾಕಿ ಅದನ್ನು ಆರು ಮುಗಿಯುವವರೆಗೆ ಹಿಡಿ. ಏಳು ಪೂರ್ತಿ ತಬಲಾದವರಿಗೆ ಬಿಡು. ಹೀಗೆ ಒಂದು ಸಂಜೆ ತಬಲಾದವರ ಜೊತೆ ಬರೀ ಇಷ್ಟನ್ನೇ ನಿಧಾನ ಲಯದಲ್ಲಿ ಕೂತು ಬಾರಿಸು. ಅವರೇ ತಲೆಯಾಡಿಸುತ್ತಾರೆ.

ಎಲ್ಲರೂ ಯಾವ ಸ್ವರ ಬಾರಿಸಬೇಕು ಅಂತ ಕೇಳುತ್ತಾರೆ. ಎಲ್ಲಿ ನಿಲ್ಲಿಸಬೇಕು ಅಂತ ಯಾರೂ ಕೇಳಲ್ಲ. ನನ್ನ ಮಟ್ಟಿಗೆ ಕೀಬೋರ್ಡಿನ ಎಡಗೈಗೂ ಬೇಸ್ ಗಿಟಾರ್‌ಗೂ ಇರುವ ವ್ಯತ್ಯಾಸ ಇಲ್ಲೇ ಇದೆ. ಎಡಗೈಗೆ ಬಲಗೈಯ ಕೆಲಸದ ಚಿಂತೆಯೂ ಇರುತ್ತದೆ, ಸ್ವರ ಮುಗಿಸುವ ಕಡೆ ಗಮನ ಹೋಗಲ್ಲ. ನಮಗೆ ಎರಡೂ ಕೈ ಇರುವುದು ಅದೊಂದಕ್ಕೇ. ಅಮೆರಿಕದ ಮೋಟೌನ್ ಕಂಪನಿಯ ಹಾಡುಗಳಿಗೆ ಬಾರಿಸಿದ ಜೇಮ್ಸ್ ಜೇಮರ್ಸನ್ ಬಲಗೈಯ ಒಂದೇ ಬೆರಳಲ್ಲಿ, ನಾಲ್ಕೇ ತಂತಿಯಲ್ಲಿ, 1962ರ ಪ್ರಿಸಿಷನ್ ಬೇಸ್‌ನಲ್ಲಿ ಅಷ್ಟೆಲ್ಲ ಮಾಡಿದರು. ಕೇಳಿ ನೋಡು, ಪ್ರತಿ ಸ್ವರಕ್ಕೂ ಒಂದು ಅಳತೆ ಇದೆ.

ತೋರಣಗಲ್ಲು ಶಿಫ್ಟ್

ನಾನು ಪ್ಲಾಂಟ್ ಕೆಲಸದವನು, ರೂಮಲ್ಲೇ ಬಾರಿಸುವುದು. ಜೇಮರ್ಸನ್ ಹೆಸರು ಬಂತಲ್ಲ, ಅದಕ್ಕೆ ತಂತಿ ಬಗ್ಗೆ ಬರೀತೀನಿ. ಅವರು ಬಳಸುತ್ತಿದ್ದದ್ದು ಫ್ಲ್ಯಾಟ್‌ವೌಂಡ್, ಅಂದರೆ ಚಪ್ಪಟೆ ಸುತ್ತಿನ ತಂತಿ, ಬದಲಿಸುತ್ತಲೇ ಇರಲಿಲ್ಲ. ನಮ್ಮ ಕಡೆ ಧೂಳು, ಬೆವರು ಎರಡೂ ಜಾಸ್ತಿ. ಸಂಡೂರು ತೋರಣಗಲ್ಲು ಕಡೆಯ ಕೆಂಧೂಳು ರೌಂಡ್‌ವೌಂಡ್, ಅಂದರೆ ದುಂಡು ಸುತ್ತಿನ ತಂತಿಯ ಸುತ್ತುಗಳ ಸಂದಿನಲ್ಲಿ ಕೂತು ಬೆವರಿನ ಜೊತೆ ಅಂಟಾಗುತ್ತದೆ, ಸ್ವಲ್ಪ ದಿನಕ್ಕೇ ನಾದ ಮಂಕು. ಫ್ಲ್ಯಾಟ್‌ವೌಂಡ್ ಮೇಲ್ಮೈ ನುಣುಪು, ಧೂಳು ಕೂರಲು ಜಾಗ ಕಡಿಮೆ, ಬೆರಳು ಜರುಗಿಸಿದಾಗ ಕೀರಲು ಸದ್ದೂ ಇಲ್ಲ. ಬೆಲೆ ಜಾಸ್ತಿ, ಆದರೆ ವರ್ಷಗಟ್ಟಲೆ ಬರುತ್ತದೆ. ರೌಂಡ್‌ವೌಂಡೇ ಬೇಕು ಅಂದರೆ ಬಾರಿಸಿ ಮುಗಿದ ತಕ್ಷಣ ಹತ್ತಿ ಬಟ್ಟೆಯಲ್ಲಿ ತಂತಿಯ ಅಡಿಭಾಗವನ್ನೂ ಒರೆಸಿ.

ಬೇಸಿಗೆಯಲ್ಲಿ ಮುಚ್ಚಿದ ಕಾರಿನಲ್ಲಿ, ಟೆಂಪೋ ಮೇಲಿನ ಲಗೇಜಿನಲ್ಲಿ ಬೇಸ್ ಬಿಡಬೇಡಿ. ಕೂಲರ್ ಗಾಳಿಗೆ ನೇರ ಇಡುವುದೂ ಬೇಡ, ಒಮ್ಮೆ ಒಣಗಿ ಒಮ್ಮೆ ನೆನೆದು ನೆಕ್ ಸುಮ್ಮನಿರಲ್ಲ. ರೋಸ್‌ವುಡ್ ಫ್ರೆಟ್‌ಬೋರ್ಡ್ ಆದರೆ ತಂತಿ ಬದಲಿಸುವಾಗ ಫ್ರೆಟ್‌ಬೋರ್ಡ್ ಎಣ್ಣೆ ಒಂದೆರಡು ಹನಿ ಹಚ್ಚಿ ಒರೆಸಿ. ಮೇಪಲ್ ಮೇಲೆ ವಾರ್ನಿಷ್ ಇರುತ್ತದೆ, ಅದಕ್ಕೆ ಬೇಡ.

ಅಂದಹಾಗೆ ಗೆಳೆಯರ ಗಿಟಾರ್ ಆಂಪಿಗೆ ಬೇಸ್ ಹಾಕಿ ಜೋರಾಗಿ ಬಾರಿಸಬೇಡಿ, ಸ್ಪೀಕರ್ ಕೋನ್ ಅಷ್ಟು ಆಚೀಚೆ ಆಡಲು ಮಾಡಿದ್ದಲ್ಲ, ಹರಿಯುತ್ತದೆ. ಬಾಡಿಗೆ ಮನೆಯಾದರೆ ಹೆಡ್‌ಫೋನ್ ಆಂಪ್ ಸಾಕು.

ರಾಯಚೂರು ಲೋ ನೋಟ್

ಸ್ಟೇಜ್ ಮೇಲೆ ನಮ್ಮ ಸ್ವರ ನಮಗೇ ಕೇಳಿಸಬೇಕಲ್ಲ, ಅದಕ್ಕೆ ಚಿಕ್ಕ ಆಂಪ್ ಬೇಕೇ ಬೇಕು ಅಂತ ನನ್ನ ಅನಿಸಿಕೆ. ಸಬ್ ಮುಂದೆ ನೋಡುತ್ತಿರುತ್ತದೆ, ನಾವು ಹಿಂದೆ ನಿಂತಿರುತ್ತೇವೆ. ಹಿಂದೆ ಬರುವುದು ಬರೀ ಕಂಪನ, ಶ್ರುತಿ ತಿಳಿಯಲ್ಲ. ಈ ಹುಡುಗರಿಗೆ ಇನ್ನೊಂದು ಮಾತು. ಮೋಹಿನಿ ಡೇ ಬಾರಿಸುವುದನ್ನು ನೋಡಿ, ಎ.ಆರ್. ರೆಹಮಾನ್ ಜೊತೆ ಬಾರಿಸಿದವರು. ನಮ್ಮ ಕಡೆ ಹುಡುಗಿ ಕೈಯಲ್ಲಿ ಬೇಸ್ ಕಂಡರೆ "ಇದು ನಿಮಗೆ ಭಾರ ಆಗಲ್ವಾ" ಅಂತ ಕೇಳುತ್ತಾರೆ. ನಾಲ್ಕು ಕಿಲೋ ಎಲ್ಲರಿಗೂ ನಾಲ್ಕು ಕಿಲೋನೇ. ಅಗಲವಾದ ಬೆಲ್ಟ್ ಹಾಕಿ, ಕೂತಾಗಲೂ ನಿಂತಾಗಲೂ ಬೇಸ್ ಒಂದೇ ಎತ್ತರದಲ್ಲಿ ಇರುವಹಾಗೆ ಬಿಗಿಮಾಡಿ, ಮಣಿಕಟ್ಟು ಬಾಗದಿರಲಿ. ಕೈ ಚಿಕ್ಕದಿರುವವರಿಗೆ 30 ಇಂಚಿನ ಶಾರ್ಟ್ ಸ್ಕೇಲ್ ಬೇಸ್ ಇವೆ, ಸಾಮಾನ್ಯದ್ದು 34 ಇಂಚು.

ಗಂಗಾವತಿ ಸೌಂಡ್

ಆಂಪ್ ಬದಲು ನಮ್ಮಂಥವರ ಹತ್ತಿರ ಒಂದು ಮಾನಿಟರ್, ಅಂದರೆ ನಿಮ್ಮ ಕಡೆ ತಿರುಗಿಸಿಟ್ಟ ಸ್ಪೀಕರ್, ಕೊಡಿ ಅಂತ ಕೇಳಿ. ಸೌಂಡ್‌ನವರು ಕೊಡುತ್ತಾರೆ. ಸಂಜೆ ಬೇಗ ಬಂದು ಚೆಕ್ ಮಾಡಿಕೊಳ್ಳಬೇಕು ಅಷ್ಟೇ, ಹಾಡು ಶುರುವಾದ ಮೇಲೆ ಕೈಸನ್ನೆ ಮಾಡಿದರೆ ಕಷ್ಟ.

ಕೊಪ್ಪಳದ ನಾಲ್ಕು ತಂತಿ

ಎಲ್ಲರೂ ಹೇಳಿದ್ದನ್ನು ಮಾಡುತ್ತಾ ಬಂದಿದ್ದೇನೆ. ಏಳನೇ ಫ್ರೆಟ್ಟಿನಲ್ಲಿ ಸಂದೇ ಇರಲಿಲ್ಲ. ಕಾಲು ಸುತ್ತು ಸಡಿಲಿಸಿದೆ, ಮರುದಿನ ಇನ್ನೂ ಸ್ವಲ್ಪ. ಈಗ ಕಾರ್ಡ್ ತೂರುತ್ತದೆ, ಇ ಮತ್ತು ಎ ತಂತಿ ಶುದ್ಧವಾಗಿವೆ. ಡಿಐ ಬಾಕ್ಸ್ ಮತ್ತು ಫ್ಲ್ಯಾಟ್‌ವೌಂಡ್ ತಂತಿ ಆರ್ಡರ್ ಮಾಡಿದೆ. ಐದು ತಂತಿ ಸದ್ಯಕ್ಕೆ ಬೇಡ, ಲೋ ನೋಟ್ ಅಕ್ಕನ ಮಾತು ಮಾತ್ರ ತಲೆಯಲ್ಲಿದೆ. ಮಾಸ್ತರು ಎರಡು ಹಾಡಿಗೆ ಎಡಗೈ ಬಿಡಲು ಒಪ್ಪಿದ್ದಾರೆ. ಒಂದೇ ಉಳಿದಿದೆ. ಡಿ ತಂತಿಯ ಐದನೇ ಫ್ರೆಟ್ಟಿನಲ್ಲಿ ಮಾತ್ರ ಇನ್ನೂ ಝಿರ್ ಅನ್ನುತ್ತದೆ. ಅದರ ಆಚೆ ಈಚೆ ಏನೂ ಇಲ್ಲ.

ಕೌಲ್‌ಬಜಾರ್ ಬೇಸ್

ಹಾಗಾದರೆ ಇನ್ನು ಟ್ರಸ್ ರಾಡ್ ಮುಟ್ಟಬೇಡ. ಅದು ನೆಕ್ ತೊಂದರೆ ಅಲ್ಲ, ಆರನೇ ಫ್ರೆಟ್ ಆ ಜಾಗದಲ್ಲಿ ಕೂದಲೆಳೆಯಷ್ಟು ಮೇಲೆದ್ದಿದೆ. ಒಂದು ನೇರವಾದ ಚಿಕ್ಕ ಸ್ಟೀಲ್ ಪಟ್ಟಿಯನ್ನು ಐದು, ಆರು, ಏಳು, ಈ ಮೂರು ಫ್ರೆಟ್ ಮೇಲೆ ಇಟ್ಟು ಅಲ್ಲಾಡಿಸಿ ನೋಡು. ಟಕ ಟಕ ಅಂದರೆ ನಡುವಿನದು ಎತ್ತರ. ಬಡಗಿ ಹತ್ತಿರ ಉಜ್ಜಿಸಬೇಡ. ಹುಬ್ಬಳ್ಳಿ ಕಡೆ ಹೋಗುವಾಗ ಗಿಟಾರ್ ರಿಪೇರಿ ಮಾಡುವವರಿಗೆ ತೋರಿಸು, ಫ್ರೆಟ್ ಕೂರಿಸುವುದೋ ಮಟ್ಟ ಮಾಡುವುದೋ ಅವರು ನೋಡುತ್ತಾರೆ. ಹೊಸ ತಂತಿ ಹಾಕಿದ ಮೇಲೆ ಹೋಗು. ಫ್ಲ್ಯಾಟ್‌ವೌಂಡಿನ ಎಳೆತ ಬೇರೆ ಇರುತ್ತದೆ, ನೆಕ್ ಇನ್ನೊಮ್ಮೆ ಜರುಗುತ್ತದೆ.